ತಗಡಿನಲ್ಲಿ ರಾಗ ಕಂಡ ಸ್ಪ್ರೀ ಸೈಮನ್

200 ಲೀಟರಿನ ಕಬ್ಬಿಣದ ಡ್ರಮ್ಮು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ರಸ್ತೆ ಕೆಲಸ ಮುಗಿದ ಮೇಲೆ ಉಳಿದ ಡಾಂಬರಿನ ಡ್ರಮ್ಮನ್ನು ಸೀಳಿ ಬಚ್ಚಲಿಗೆ ಮರೆ ಕಟ್ಟುತ್ತೇವೆ. ಚೆನ್ನಾಗಿರುವ ಡ್ರಮ್ಮಾದರೆ ಅಂಗಳದಲ್ಲಿಟ್ಟು ನೀರು ತುಂಬಿಸುತ್ತೇವೆ. ಇಂಥದೇ ಡ್ರಮ್ಮನ್ನು ಬಡಿದು ತಟ್ಟಿ, ಅದರಿಂದ ತನ್ನ ರಾಷ್ಟ್ರೀಯ ವಾದ್ಯ ಮಾಡಿಕೊಂಡ ದೇಶವೊಂದಿದೆ. ಅದು ಟ್ರಿನಿಡಾಡ್, ಕ್ರಿಕೆಟಿಗ ಬ್ರಯಾನ್ ಲಾರಾ ಹುಟ್ಟಿದ ನಾಡು. ಆ ವಾದ್ಯದ ಹೆಸರು ಸ್ಟೀಲ್ ಪ್ಯಾನ್. ಅಲ್ಲಿನ ಜನ ಬರೀ 'ಪ್ಯಾನ್' ಅನ್ನುತ್ತಾರೆ. ಪ್ಯಾನ್ ಅಂದಾಗ ಅವರಿಗೆ ನೆನಪಾಗುವ ಹೆಸರುಗಳಲ್ಲಿ ಒಂದು ವಿನ್ಸ್‌ಟನ್ 'ಸ್ಪ್ರೀ' ಸೈಮನ್. ಈ ವಾರ ಅವರ ಕತೆ ಹೇಳುತ್ತೇವೆ.

ಕತೆ ಶುರುವಾಗುವುದು ಒಂದು ನಿಷೇಧದಿಂದ. ಟ್ರಿನಿಡಾಡ್ ಆಗ ಬ್ರಿಟಿಷರ ಕೈಯಲ್ಲಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದ ಆಫ್ರಿಕಾ ಮೂಲದ ಜನ ವರ್ಷಕ್ಕೊಮ್ಮೆ ಬರುವ ಕಾರ್ನಿವಲ್ ಎಂಬ ಹಬ್ಬದಲ್ಲಿ ಡೋಲು ಬಡಿದು ಬೀದಿ ತುಂಬ ಕುಣಿಯುತ್ತಿದ್ದರು. 1881ರಲ್ಲಿ ಪೊಲೀಸರಿಗೂ ಜನರಿಗೂ ದೊಡ್ಡ ಹೊಡೆದಾಟವೇ ಆಯಿತು. 1884ರಲ್ಲಿ ಸರ್ಕಾರ ಡೋಲಿಗೆ ಕಡಿವಾಣ ಹಾಕಿತು. ಜನ ಸುಮ್ಮನಾಗಲಿಲ್ಲ. ಬಿದಿರು ಕಡಿದು ತಂದು, ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. 1930ರ ದಶಕ ಮುಗಿಯುವ ಹೊತ್ತಿಗೆ ಬಿದಿರಿನ ಜಾಗಕ್ಕೆ ಬಿಸ್ಕತ್ತಿನ ಡಬ್ಬಿ, ಬಣ್ಣದ ಡಬ್ಬಿ, ಕಸದ ತೊಟ್ಟಿಯ ಮುಚ್ಚಳ ಬಂದವು. ಕೈಗೆ ಸಿಕ್ಕ ತಗಡೆಲ್ಲ ವಾದ್ಯವಾಯಿತು.

ಸೈಮನ್ ಬೆಳೆದದ್ದು ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಪೂರ್ವಕ್ಕಿರುವ ಗುಡ್ಡದ ಬಡ ಓಣಿಗಳಲ್ಲಿ. ಅವರು ಸಂಗೀತ ಶಾಲೆಯಲ್ಲಿ ಕಲಿತವರಲ್ಲ. ಓಣಿಯ ಹುಡುಗರ ತಂಡದಲ್ಲಿ ತಗಡಿನ ಡ್ರಮ್ಮು ಬಾರಿಸುತ್ತಿದ್ದರು. ಒಂದು ದಿನ ಗೆಳೆಯನೊಬ್ಬನ ಕೈಗೆ ಡ್ರಮ್ಮು ಕೊಟ್ಟರು. ಅವನು ಬಾರಿಸಿದ ರಭಸಕ್ಕೆ ತಗಡು ತಗ್ಗಿ ಹೋಗಿತ್ತು, ಮೊದಲಿನ ನಾದ ಇರಲಿಲ್ಲ. ಸೈಮನ್ ಅದನ್ನು ಬೋರಲು ಹಾಕಿ, ಒಳಗಿನಿಂದ ಕಲ್ಲಿನಲ್ಲಿ ತಟ್ಟಿ ಸರಿಮಾಡಲು ಕೂತರು. ತಟ್ಟುತ್ತಾ ಹೋದಂತೆ ಒಂದೊಂದು ಕಡೆ ಒಂದೊಂದು ಸ್ವರ ಕೇಳಿಸಿತು. ಇದು ಸೈಮನ್ ಅವರೇ ಮುಂದೆ ಹೇಳಿಕೊಂಡ ಕತೆ.

ಎರಡನೇ ಮಹಾಯುದ್ಧದ ಸಮಯದಲ್ಲಿ, 1942ರಿಂದ ಕಾರ್ನಿವಲ್ ನಿಂತುಹೋಗಿತ್ತು. ಆದರೆ ಹಿತ್ತಲುಗಳಲ್ಲಿ ತಟ್ಟುವ ಕೆಲಸ ನಿಲ್ಲಲಿಲ್ಲ. 1946ರಲ್ಲಿ ಹಬ್ಬ ಮತ್ತೆ ಬಂದಾಗ ಸೈಮನ್ ಗವರ್ನರ್ ಎದುರು ನಿಂತು, ಆ ತಗಡಿನ ಮೇಲೆ ಜನರಿಗೆ ಗುರುತಿದ್ದ ಹಾಡುಗಳನ್ನೇ ನುಡಿಸಿದರು ಎಂದು ಇವತ್ತಿಗೂ ಹೇಳುತ್ತಾರೆ. ತಾಳ ಹಾಕಲು ಮಾತ್ರ ಲಾಯಕ್ಕು ಅಂದುಕೊಂಡಿದ್ದ ಡಬ್ಬಿ ಹಾಡಿತ್ತು.

ಹಾಗಂತ ಪ್ಯಾನ್ ಸೈಮನ್ ಒಬ್ಬರದೇ ಸೃಷ್ಟಿಯಲ್ಲ. ಮೊದಲು ಮಾಡಿದವರು ಯಾರು ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ಎಲಿ ಮ್ಯಾನೆಟ್ ಎಂಬ ಇನ್ನೊಬ್ಬ ಹುಡುಗ ದೊಡ್ಡ ಎಣ್ಣೆ ಡ್ರಮ್ಮು ತಂದು, ಅದರ ತಳವನ್ನು ಬಾಣಲೆಯಂತೆ ಒಳಕ್ಕೆ ತಗ್ಗಿಸಿದ. ಇವತ್ತಿನ ಪ್ಯಾನ್ ಇರುವುದು ಹಾಗೆಯೇ. ತಳವನ್ನು ಸುತ್ತಿಗೆಯಿಂದ ಬಡಿದು ತಗ್ಗಿಸುತ್ತಾರೆ, ಸ್ವರದ ಮನೆಗಳನ್ನು ಗುರುತಿಸುತ್ತಾರೆ, ಬೆಂಕಿಯಲ್ಲಿ ಕಾಯಿಸಿ ಹದ ಮಾಡುತ್ತಾರೆ. ಆಮೇಲೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಶ್ರುತಿ ಕೂಡಿಸುತ್ತಾರೆ. ದೊಡ್ಡ ಮನೆಗೆ ತಗ್ಗಿನ ಸ್ವರ, ಸಣ್ಣ ಮನೆಗೆ ಏರಿನ ಸ್ವರ. ಬಾರಿಸುವುದು ತುದಿಗೆ ರಬ್ಬರ್ ಸುತ್ತಿದ ಕಡ್ಡಿಗಳಿಂದ.

ಆದರೆ ಪ್ಯಾನ್ ಬಾರಿಸುವವರೆಂದರೆ ಪುಂಡರು ಎಂಬ ಮಾತಿತ್ತು. ಓಣಿಗೊಂದು ತಂಡ. ಹಬ್ಬ ಬಂದರೆ ತಂಡ ತಂಡಗಳ ನಡುವೆ ಬೀದಿಯಲ್ಲಿ ಹೊಡೆದಾಟ. ಮರ್ಯಾದಸ್ಥರ ಮನೆಗಳಲ್ಲಿ ಮಕ್ಕಳನ್ನು ಅತ್ತ ಬಿಡುತ್ತಿರಲಿಲ್ಲ. 1951ರಲ್ಲಿ ಬೇರೆ ಬೇರೆ ತಂಡಗಳಿಂದ ಒಳ್ಳೆಯ ವಾದಕರನ್ನು ಆರಿಸಿ, 'ಟ್ಯಾಸ್ಪೊ' ಎಂಬ ಹೆಸರಿನಲ್ಲಿ ಲಂಡನ್ನಿನ ಫೆಸ್ಟಿವಲ್ ಆಫ್ ಬ್ರಿಟನ್‌ಗೆ ಕಳಿಸಿದರು. ಸೈಮನ್, ಮ್ಯಾನೆಟ್ ಇಬ್ಬರೂ ಅದರಲ್ಲಿದ್ದರು. ಜೋಸೆಫ್ ಗ್ರಿಫಿತ್ ಎಂಬ ಬ್ಯಾಂಡ್ ಮಾಸ್ತರರು ಅವರಿಗೆ ಪಾಠ ಹೇಳಿದರು. ಊರಲ್ಲಿ ಪುಂಡರು ಅನ್ನಿಸಿಕೊಂಡಿದ್ದ ಹುಡುಗರ ಮುಂದೆ ಪರದೇಶದ ಜನ ನಿಂತು ಕೇಳಿದರು.

ಮುಂದಿನದು ದಾಖಲೆಯಲ್ಲಿದೆ. 1992ರಲ್ಲಿ ಪ್ರಧಾನಿ ಪ್ಯಾಟ್ರಿಕ್ ಮ್ಯಾನಿಂಗ್ ಪ್ಯಾನ್ ಅನ್ನು ರಾಷ್ಟ್ರೀಯ ವಾದ್ಯ ಎಂದು ಸಾರಿದರು. 2023ರಲ್ಲಿ ವಿಶ್ವಸಂಸ್ಥೆ ಆಗಸ್ಟ್ 11 ಅನ್ನು ವಿಶ್ವ ಸ್ಟೀಲ್ ಪ್ಯಾನ್ ದಿನ ಎಂದು ಗೊತ್ತುಮಾಡಿತು. ಕಬ್ಬಿನ ಗದ್ದೆಗೆ ಕೂಲಿಯಾಗಿ ಹೋದ ಭಾರತೀಯರ ವಂಶದ ಜಿತ್ ಸಮಾರೂ ಎಂಬ ಕಲಾವಿದರು ರೆನಿಗೇಡ್ಸ್ ಎಂಬ ತಂಡಕ್ಕೆ ಸಂಗೀತ ಜೋಡಿಸಿ, ದೇಶದ ದೊಡ್ಡ ಪ್ಯಾನ್ ಸ್ಪರ್ಧೆಯನ್ನು 9 ಸಲ ಗೆಲ್ಲಿಸಿದರು.

ಈ ಗೌರವಗಳನ್ನೆಲ್ಲ ನೋಡಲು ಸೈಮನ್ ಇರಲಿಲ್ಲ. ಅವರು 1976ರಲ್ಲೇ ತೀರಿಕೊಂಡರು. ಆದರೆ ಅದಕ್ಕೆ ಒಂದು ವರ್ಷ ಮೊದಲು, 1975ರಲ್ಲಿ, ಆ ನಾಡಿನ ಹೆಸರಾಂತ ಹಾಡುಗಾರ ಲಾರ್ಡ್ ಕಿಚನರ್ ಸೈಮನ್ ಹೆಸರಿನಲ್ಲೇ ಒಂದು ಹಾಡು ಕಟ್ಟಿದ್ದರು. ಆ ವರ್ಷದ ಕಾರ್ನಿವಲ್ ಬೀದಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ನುಡಿದ ಹಾಡು ಅದೇ. ಇಡೀ ಊರು ಅವರನ್ನು ನೆನೆದು ಕುಣಿಯಿತು, ಮತ್ತು ಅದು ಅವರು ಬದುಕಿರುವಾಗಲೇ ಆಯಿತು.

ನಾವು ಈ ಕತೆ ಬರೆದದ್ದು ಇದೊಂದು ಮಾತಿಗಾಗಿ. ನಮ್ಮ ಊರುಗಳಲ್ಲೂ ಸೋರೆಬುರುಡೆಗೆ ತಂತಿ ಬಿಗಿದು ಏಕತಾರಿ ಮಾಡಿಕೊಂಡವರಿದ್ದಾರೆ. ಚೌಡಿಕೆಯನ್ನು ತಾವೇ ಕಟ್ಟಿಕೊಂಡು ನುಡಿಸುವವರಿದ್ದಾರೆ. ಅವರು ಹೋದ ಮೇಲೆ ಪೇಪರಿಗೆ ನಾಲ್ಕು ಸಾಲು ಸುದ್ದಿ ಕಳಿಸುವವರು ನಾವೇ. ಆ ನಾಲ್ಕು ಸಾಲಿಗೆ ಹೆಸರು, ವಯಸ್ಸು ಕೇಳಿಕೊಂಡು ಮನೆಯವರ ಮುಂದೆ ನಿಲ್ಲುವಾಗ ನಮಗೆ ನಾಚಿಕೆಯಾಗುತ್ತದೆ. ಈ ಬರಹ ಓದುತ್ತಿರುವ ನಿಮ್ಮ ಫೋನಿನಲ್ಲಿ ರೆಕಾರ್ಡ್ ಮಾಡುವ ಗುಂಡಿ ಇದೆ. ಓಣಿಯ ಅಜ್ಜ ಇವತ್ತು ಸಂಜೆ ಕಟ್ಟೆಗೆ ಬಂದರೆ ಒಂದು ಪದ ಹಾಡಿಸಿ. ಆ ವಾದ್ಯವನ್ನು ಹೇಗೆ ಕಟ್ಟಿದಿರಿ ಅಜ್ಜ ಎಂದು ಕೇಳಿ. ಆಮೇಲೆ ಅದನ್ನು ಅವರಿಗೇ ಒಮ್ಮೆ ಕೇಳಿಸಿ.