ಮಾಸ್ಟರಿಂಗ್ ಮೇಜಿಗೆ ಹೋಗುವ ಮುನ್ನ

ಮಾಸ್ಟರಿಂಗ್ ಎಂದರೆ ಹಾಡಿನ ಸದ್ದು ಜೋರು ಮಾಡುವುದು ಎಂಬ ನಂಬಿಕೆ ನಮ್ಮ ಧ್ವನಿಮುದ್ರಣ ವಲಯದಲ್ಲಿ ಗಟ್ಟಿಯಾಗಿ ಬೇರೂರಿದೆ. ಮಿಕ್ಸ್ ಮುಗಿದ ಫೈಲನ್ನು ಯಾವುದೋ ಜಾಲತಾಣಕ್ಕೆ ಏರಿಸಿ, ಕೆಲವೇ ನಿಮಿಷಗಳಲ್ಲಿ ‘ಮಾಸ್ಟರ್’ ಇಳಿಸಿಕೊಂಡು, ಅದೇ ಸಂಜೆ ಬಿಡುಗಡೆ ಮಾಡುವವರಿದ್ದಾರೆ. 2014ರಲ್ಲಿ ಲ್ಯಾಂಡರ್ ಶುರುವಾದ ಮೇಲೆ ಇಂಥ ಸೇವೆಗಳು ಒಂದರ ಹಿಂದೊಂದು ಬಂದವು. ಯಂತ್ರದ ಮೇಲೆ ನನಗೆ ತಕರಾರಿಲ್ಲ. ಅದರ ಕೈಗೆ ನಾವು ಏನು ಕೊಡುತ್ತಿದ್ದೇವೆ ಎಂದು ಯಾರೂ ಕೇಳದಿರುವುದೇ ನನ್ನ ದೂರು. ಮುದ್ರಿಸಿದವರು ಮುಂದಿನವರಿಗೆ ಧ್ವನಿಯನ್ನು ಹೇಗೆ ಒಪ್ಪಿಸಿದರು ಎಂಬುದು ಮಾಸ್ಟರಿಂಗ್ ಚರಿತ್ರೆಯ ದೊಡ್ಡ ಪಾಲು. ಅದನ್ನು ಬರೆದವರು ಕಡಿಮೆ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮೇಣದ ಮೇಲೆ ಹಿಡಿದಾಗ, ತಟ್ಟೆ ತಯಾರಾಗಬೇಕಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಗುರುತು ಸಿಗಲೆಂದು ಹಾಡಿನ ಕೊನೆಗೆ ಗೌಹರ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಆ ಗಾಯಕಿಯ ಘೋಷಣೆಯನ್ನು ನಾವು ಠೀವಿ ಎಂದು ಮೆಚ್ಚುತ್ತೇವೆ. ಅದು ಕಾರ್ಖಾನೆಗೆ ಕಳಿಸಿದ ಸೂಚನೆಯೂ ಹೌದು.

1948ರಲ್ಲಿ ಎಲ್‌ಪಿ ಬಂತು, ಹತ್ತು ವರ್ಷದ ಮೇಲೆ ಸ್ಟೀರಿಯೋ ಎಲ್‌ಪಿ. ತಟ್ಟೆ ಕೊರೆಯುವ ಕೋಣೆಯ ಕಟ್ಟಳೆಗಳು ಆಗಲೇ ಹುಟ್ಟಿದವು. ಬೇಸ್ ಒಂದು ಪಕ್ಕಕ್ಕೆ ವಾಲಿದರೆ ಮುಳ್ಳು ಜಿಗಿಯುತ್ತದೆ. ಒಳಸುತ್ತಿಗೆ ಹೋದಂತೆ ಮೇಲಿನ ಆವರ್ತಗಳು ಮಸುಕಾಗುವುದರಿಂದ ಅಬ್ಬರದ ಹಾಡನ್ನು ಬದಿಯ ಕೊನೆಗೆ ಇಡುವಂತಿಲ್ಲ. ಡಗ್ ಸ್ಯಾಕ್ಸ್ 1967ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ದಿ ಮಾಸ್ಟರಿಂಗ್ ಲ್ಯಾಬ್’ ತೆರೆದು ಈ ಕೆಲಸವನ್ನು ರೆಕಾರ್ಡ್ ಕಂಪನಿಗಳ ಹಂಗಿನಿಂದ ಬಿಡಿಸಿದರು. ಕನ್ನಡ ಚಿತ್ರಗೀತೆಗಳು ಆ ಕಾಲಕ್ಕೆ ಹೆಚ್ಚಾಗಿ ಮದ್ರಾಸಿನಲ್ಲೇ ಮುದ್ರಣವಾಗುತ್ತಿದ್ದವು.

ನಮ್ಮದೇ ಅನ್ನಬಹುದಾದ ಅಧ್ಯಾಯ ತೆರೆದದ್ದು ಕ್ಯಾಸೆಟ್ಟಿನಿಂದ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತು. ಸಿನಿಮಾದ ಹೊರಗೂ ಕನ್ನಡ ಹಾಡಿಗೆ ಮಾರುಕಟ್ಟೆ ಉಂಟೆಂದು ಗೊತ್ತಾಯಿತು. ಭಾವಗೀತೆಯಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕು. ಕ್ಯಾಸೆಟ್ಟಿಗೆ ಕಷ್ಟವಾಗಿದ್ದದ್ದೂ ಅದೇ. 32 ಪಟ್ಟು ವೇಗದಲ್ಲಿ ನಕಲಾಗುವಾಗ ಅರ್ಧ ಗಂಟೆಯ ಬದಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಆ ಓಟದಲ್ಲಿ ಮೇಲಿನ ಆವರ್ತಗಳು ಸೋರಿಹೋಗುತ್ತವೆ. ಮೊದಲೇ ಟ್ರೆಬಲ್ ಏರಿಸಿ ಕಳಿಸೋಣವೆಂದರೆ ಅಗ್ಗದ ಟೇಪು ತಡೆಯದು, ‘ಸ’, ‘ಶ’, ‘ಚ’ಗಳೆಲ್ಲ ಚರಚರ ಅನ್ನುತ್ತವೆ. ಎಷ್ಟು ಏರಿಸಿದರೆ ಮಾತು ತಿಳಿಯುತ್ತದೆ, ಎಷ್ಟಕ್ಕೆ ಒಡೆಯುತ್ತದೆ ಎಂಬ ಅಂದಾಜನ್ನು ನಮ್ಮ ಹಿರಿಯರು ಕಿವಿಯಲ್ಲೇ ಇಟ್ಟುಕೊಂಡಿದ್ದರು. ಆ ಕಾಲದ ಕೆಲಸ ಕಚ್ಚಾ ಎಂದು ಈಗಿನವರು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಆ ಹಿರಿಯರಿಂದ ಕಲಿತ ಶಿಸ್ತೆಲ್ಲ ಟೇಪಿನ ಡಬ್ಬಿಯ ಮೇಲೆ ಅಂಟಿಸುತ್ತಿದ್ದ ಒಂದು ಹಾಳೆಯಲ್ಲಿರುತ್ತಿತ್ತು. ಟೇಪಿನ ವೇಗ, ಈಕ್ವಲೈಸೇಶನ್ ಎನ್‌ಎಬಿಯೋ ಐಇಸಿಯೋ, ಡಾಲ್ಬಿ ಹಾಕಿದೆಯೋ ಇಲ್ಲವೋ, ಹಾಡುಗಳ ಕ್ರಮ ಮತ್ತು ಅವಧಿ. ಸುರುಳಿಯ ತಲೆಗೆ 1 ಕಿಲೋಹರ್ಟ್ಸ್, 10 ಕಿಲೋಹರ್ಟ್ಸ್, 100 ಹರ್ಟ್ಸ್‌ಗಳ ಟೋನ್ ಮುದ್ರಿಸುತ್ತಿದ್ದೆವು. ಬೇರೆ ಊರಿನ ಯಂತ್ರವನ್ನು ಆ ಟೋನಿಗೆ ಹೊಂದಿಸಿಕೊಂಡರೆ ನಾವು ಕೇಳಿದ್ದನ್ನೇ ಅವರೂ ಕೇಳುತ್ತಿದ್ದರು. ಸುರುಳಿಯನ್ನು ಬಾಲ ಹೊರಗಿರುವಂತೆ ಸುತ್ತಿಡುತ್ತಿದ್ದೆವು. ಒಂದು ಪದರದ ಸದ್ದು ಪಕ್ಕದ ಪದರಕ್ಕೆ ಅಂಟುತ್ತದೆ. ಹೀಗೆ ಸುತ್ತಿದರೆ ಅದು ಹಾಡಿಗಿಂತ ಮೊದಲು ಕೇಳದೆ ಹಾಡಿನ ನೆರಳಲ್ಲಿ ಮರೆಯಾಗುತ್ತದೆ.

ಡ್ಯಾಟ್ ಬಂತು, ಸಿಡಿ ಬಂತು, ಹಾಳೆ ತೆಳ್ಳಗಾಯಿತು. 1994ರಲ್ಲಿ ಸದ್ದಿನ ಶಿಖರಗಳನ್ನು ಅದುಮುವ ವೇವ್ಸ್ ಕಂಪನಿಯ ಎಲ್1 ಲಿಮಿಟರ್ ಬಂದ ಮೇಲೆ ಸದ್ದಿನ ಪೈಪೋಟಿ ಕೈಮೀರಿತು. ಆ ಗದ್ದಲದ ನಡುವೆಯೂ ಹದ ತಪ್ಪದವರಲ್ಲಿ ಚೆನ್ನೈನ ಧ್ವನಿ ಎಂಜಿನಿಯರ್ ಎಚ್. ಶ್ರೀಧರ್ ಮೊದಲಿಗರು. ‘ಲಗಾನ್’ ಸೇರಿದಂತೆ ನಾಲ್ಕು ರಾಷ್ಟ್ರ ಪ್ರಶಸ್ತಿ ಪಡೆದ ಅವರು 2008ರಲ್ಲಿ ತೀರಿಕೊಂಡರು. ಅವರ ಮಿಕ್ಸ್‌ಗಳಲ್ಲಿ ಪ್ರತಿ ವಾದ್ಯಕ್ಕೂ ಉಸಿರಾಡಲು ಜಾಗವಿದೆ. ದಕ್ಷಿಣದ ಎಂಜಿನಿಯರ್‌ಗಳಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ.

ಮಾಸ್ಟರಿಂಗ್‌ಗೆ ಕೊಡುವ ಮಿಕ್ಸ್‌ನಲ್ಲಿ ಮೈನಸ್ 6 ಡೆಸಿಬೆಲ್ ಜಾಗ ಬಿಡಬೇಕು ಎಂಬ ಸೂತ್ರ ಈಗ ಎಲ್ಲರ ಬಾಯಲ್ಲಿದೆ. ಲಿಮಿಟರ್‌ನಲ್ಲಿ ತಲೆ ಸವರಿದ ಮಿಕ್ಸನ್ನು 6 ಡೆಸಿಬೆಲ್ ಇಳಿಸಿದರೆ ಹೋದ ತಲೆ ಮರಳಿ ಬರುವುದಿಲ್ಲ. 24 ಬಿಟ್‌ನಲ್ಲಿ ಕೊಡಿ, ಮುದ್ರಿಸಿದ ಸ್ಯಾಂಪಲ್ ರೇಟ್ ಬದಲಿಸಬೇಡಿ, ಮಾಸ್ಟರ್ ಬಸ್ಸಿನ ಲಿಮಿಟರ್ ತೆಗೆಯಿರಿ, ರಿವರ್ಬಿನ ಬಾಲ ಕತ್ತರಿಸಬೇಡಿ. ಆಮೇಲೆ 3 ಆದರೂ ಸರಿ, 6 ಆದರೂ ಸರಿ. ನಮ್ಮ ಸಂಗೀತಕ್ಕೆ ಇದು ಇನ್ನೂ ಮುಖ್ಯ, ಏಕೆಂದರೆ ತಂಬೂರಿ ಏನನ್ನೂ ಮುಚ್ಚಿಡುವುದಿಲ್ಲ. ಲಿಮಿಟರ್ ಬಿಗಿಯಾದರೆ ಮೃದಂಗದ ಪ್ರತಿ ಪೆಟ್ಟಿಗೂ ತಂಬೂರಿ ತಗ್ಗಿ ಮತ್ತೆ ಎದ್ದು ಬರುವುದು ಎಂಥವರಿಗೂ ಕೇಳುತ್ತದೆ. ಇನ್ನೊಂದು, ಗಾಯಕಿಯ ‘ಸ’ಕಾರ ಚುಚ್ಚುತ್ತಿದೆಯೆಂದು ಸ್ಟೀರಿಯೋ ಫೈಲಿನಲ್ಲಿ 7 ಕಿಲೋಹರ್ಟ್ಸ್ ಆಸುಪಾಸು ತಗ್ಗಿಸಿದರೆ ಖಂಜಿರದ ಗಿಲಕಿನಾದವೂ ಅದರೊಂದಿಗೇ ಹೋಗುತ್ತದೆ. ಕಂಠ ಬೇರೆ, ಪಕ್ಕವಾದ್ಯ ಬೇರೆ ಎಂದು ಎರಡು ಸ್ಟೆಮ್ ಜೊತೆಗಿದ್ದರೆ ಎರಡೂ ಉಳಿಯುತ್ತವೆ. ಇದನ್ನು ಯಾವ ಆನ್‌ಲೈನ್ ಸೇವೆಯೂ ನಿಮಗೆ ಫೋನು ಮಾಡಿ ಕೇಳುವುದಿಲ್ಲ.

2006ರಲ್ಲಿ ಐಟಿಯು ಸದ್ದನ್ನು ಅಳೆಯುವ ಬಿಎಸ್ 1770 ಮಾನದಂಡ ತಂದಿತು. ಆ ಅಳತೆಯಲ್ಲಿ ಸ್ಪಾಟಿಫೈ ಮೈನಸ್ 14 ಲಫ್ಸ್‌ಗೆ, ಆಪಲ್ ಮೈನಸ್ 16ರ ಆಸುಪಾಸಿಗೆ ಹಾಡುಗಳನ್ನು ಸಮಮಾಡುತ್ತವೆ. ಜೋರಾದದ್ದನ್ನು ಅವೇ ಇಳಿಸುತ್ತವೆ, ಪೈಪೋಟಿಗೆ ಅರ್ಥವೇ ಉಳಿದಿಲ್ಲ. ಆದರೂ 14 ಎಂಬ ಅಂಕಿಯನ್ನೇ ಗುರಿ ಮಾಡಿಕೊಂಡು, ಪಿಸುಮಾತಿನಂಥ ಗೀತೆಯನ್ನೂ ಅಲ್ಲಿಗೆ ಎಳೆದು ತರುತ್ತಿದ್ದಾರೆ. ಅದು ಕೇಳುಗರ ಸಾಧನ ಮಾಡುವ ಹೊಂದಾಣಿಕೆ, ನಮಗೆ ಕೊಟ್ಟ ಅಪ್ಪಣೆಯಲ್ಲ.

ಫೈಲಿನ ಜೊತೆ ಹೋಗಬೇಕಾದ ಮಾಹಿತಿಯಲ್ಲಿ ಕನ್ನಡ ಇನ್ನೂ ಹಿಂದೆ ಬಿದ್ದಿದೆ. ಪ್ರತಿ ಮುದ್ರಣಕ್ಕೂ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ ಬೇಕು. ಅದನ್ನು ಹೇಗೋ ಹಾಕುತ್ತಾರೆ. ಕವಿಯ ಹೆಸರಿನ ಖಾನೆ ಖಾಲಿ, ಇಲ್ಲವೇ ಅಲ್ಲಿ ಗಾಯಕರ ಹೆಸರು. ವೇದಿಕೆಯ ಮೇಲೆ ಕವಿಯ ಹೆಸರು ಹೇಳದೆ ಪಲ್ಲವಿ ಎತ್ತದ ಪರಂಪರೆ ನಮ್ಮದು. 2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನಕಾರರಿಗೆ ರಾಯಧನದ ಹಕ್ಕು ಕೊಟ್ಟಿದೆ. ಹೆಸರೇ ಇಲ್ಲದಿದ್ದರೆ ಆ ಹಣ ಯಾರನ್ನು ಹುಡುಕಿಕೊಂಡು ಹೋಗಬೇಕು?

ಎಂಬತ್ತರ ದಶಕದ ಭಾವಗೀತೆಗಳನ್ನು ‘ರೀಮಾಸ್ಟರ್’ ಎಂಬ ಹಣೆಪಟ್ಟಿಯಲ್ಲಿ ಹೊರತರುವ ಹುಮ್ಮಸ್ಸು ಈಗ ಕಾಣುತ್ತಿದೆ. ಅವುಗಳಲ್ಲಿ ಕೆಲವನ್ನು ಮಾರಾಟದ ಕ್ಯಾಸೆಟ್ಟಿನಿಂದಲೇ ತೆಗೆದದ್ದು ಕಿವಿಗೆ ಗೊತ್ತಾಗುತ್ತದೆ. ಮೂಲ ಸುರುಳಿಗಳು ಎಲ್ಲಿ? ನಾನು ಕಂಡ ಕೆಲವು ಬೂಷ್ಟು ಹಿಡಿದಿದ್ದವು, ಕೆಲವುಗಳ ಅಂಟು ಕರಗಿ ಹೆಡ್ಡಿಗೆ ಮೆತ್ತಿಕೊಳ್ಳುತ್ತಿತ್ತು. ಅಂಥವನ್ನು ತಿಳಿದವರು ಹದವಾದ ಶಾಖದಲ್ಲಿ ಒಣಗಿಸಿ ಒಮ್ಮೆ ಓಡಿಸಬಹುದು. ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇಷ್ಟೆ: ಮೊದಲು ಡಬ್ಬಿಯ ಹಾಳೆಯ ಫೋಟೋ ತೆಗೆಯಿರಿ, ಟೋನಿಗೆ ಯಂತ್ರ ಹೊಂದಿಸಿ, 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಟೋನ್ ಸಮೇತ ಇಡೀ ಸುರುಳಿ ಇಳಿಸಿಕೊಳ್ಳಿ. ಗುಂಯ್‌ಗುಡುವ ಸದ್ದನ್ನೂ ತೆಗೆಯಬೇಡಿ, ಜೋರೂ ಮಾಡಬೇಡಿ. ಹಾಗೇ ಎರಡು ಕಡೆ ಇಟ್ಟು, ಮಾಸ್ಟರಿಂಗ್‌ಗೆ ಅದರ ನಕಲನ್ನು ಮಾತ್ರ ಕೊಡಿ.