ಪ್ರಸಾರದ ವೆಚ್ಚ ಯಾರ ಹೆಗಲಿಗೆ?

ರೇಡಿಯೋ ಕೇಳಲು ಒಂದು ಕಾಲದಲ್ಲಿ ಸರ್ಕಾರದ ಪರವಾನಗಿ ಬೇಕಾಗಿತ್ತು ಎಂದರೆ ಇಂದಿನ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಬಹುದು. ಆದರೆ ನಮ್ಮ ದೇಶದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ನಿಯಮ ಜಾರಿಯಲ್ಲಿತ್ತು. ರೇಡಿಯೋ ಕೊಂಡವರು ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಪುಸ್ತಕ ಮಾಡಿಸಿಕೊಂಡು, ಪ್ರತಿವರ್ಷ ಹಣ ಕಟ್ಟಿ ಅದನ್ನು ನವೀಕರಿಸಬೇಕಾಗಿತ್ತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸಾಮಾನ್ಯ ರೇಡಿಯೋಗೆ ವರ್ಷಕ್ಕೆ 15 ರೂಪಾಯಿ, ಮುಂದೆ ಟಿ.ವಿ. ಬಂದಾಗ ಅದಕ್ಕೆ 50 ರೂಪಾಯಿ ಶುಲ್ಕವಿತ್ತು. ಲೈಸೆನ್ಸ್ ಇಲ್ಲದೆ ರೇಡಿಯೋ ಇಟ್ಟುಕೊಳ್ಳುವುದು ಅಪರಾಧವಾಗಿತ್ತು.

ಈ ಪದ್ಧತಿ ಏಕೆ ಬಂತು, ಏಕೆ ಹೋಯಿತು? ಸಾರ್ವಜನಿಕ ಪ್ರಸಾರಕ್ಕೆ ಪ್ರತಿಯೊಂದು ಮನೆಯೂ ಹಣ ತೆರುವುದು ನ್ಯಾಯವೇ? ಕೇವಲ ಹತ್ತು-ಹದಿನೈದು ರೂಪಾಯಿಗಳ ಪ್ರಶ್ನೆಯಂತೆ ಕಾಣುವ ಇದರ ಒಳಗೆ ಪ್ರಜಾಪ್ರಭುತ್ವಕ್ಕೆ ಸಂಬಂಧಿಸಿದ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಅದೇನೆಂದರೆ, ಪ್ರಸಾರ ಸಂಸ್ಥೆ ಯಾರಿಗೆ ಉತ್ತರ ಹೇಳಬೇಕು ಎಂಬುದು.

ಬ್ರಿಟನ್ನಿನ ಹತ್ತು ಶಿಲಿಂಗ್

ಈ ಶುಲ್ಕದ ಕಲ್ಪನೆ ನಮಗೆ ಬಂದದ್ದು ಬ್ರಿಟನ್ನಿನಿಂದ. ಅಲ್ಲಿ 1922ರಲ್ಲಿ ರೇಡಿಯೋ ಉಪಕರಣ ತಯಾರಕರು ಸೇರಿ ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಂಪನಿಯನ್ನು ಸ್ಥಾಪಿಸಿದರು. ಅದೇ ವರ್ಷ ಕೇಳುಗರಿಗೆ 10 ಶಿಲಿಂಗ್‌ಗಳ ವಾರ್ಷಿಕ ಲೈಸೆನ್ಸ್ ಗೊತ್ತಾಯಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಜಾಹೀರಾತಿನ ಹಣದಿಂದ ರೇಡಿಯೋ ನಡೆಸುವ ಪದ್ಧತಿ ಆರಂಭವಾಗಿತ್ತು. ಬ್ರಿಟನ್ ಆ ದಾರಿ ಹಿಡಿಯಲಿಲ್ಲ. 1927ರ ಜನವರಿ 1ರಂದು ಕಂಪನಿ ಹೋಗಿ, ರಾಜಶಾಸನದ ಮೂಲಕ ಬಿ.ಬಿ.ಸಿ. ಎಂಬ ಸಾರ್ವಜನಿಕ ನಿಗಮ ಬಂದಿತು. ಅದರ ಮುಖ್ಯಸ್ಥ ಜಾನ್ ರೀತ್ ಅವರ ದೃಷ್ಟಿಯಲ್ಲಿ ರೇಡಿಯೋ ವ್ಯಾಪಾರದ ಸರಕಲ್ಲ, ಅದು ಜನಸೇವೆ. ಕೇಳುಗರೇ ಹಣ ಕೊಟ್ಟರೆ ಜಾಹೀರಾತುದಾರರ ಹಂಗೂ ಬೇಡ, ಮಂತ್ರಿಗಳ ಹಂಗೂ ಬೇಡ ಎಂಬುದು ಈ ಪದ್ಧತಿಯ ಹಿಂದಿನ ತರ್ಕ.

ತರ್ಕ ಒಳ್ಳೆಯದೇ. ಆದರೆ ಆಚರಣೆ ಅಷ್ಟು ಸರಳವಾಗಿರಲಿಲ್ಲ. 1926ರಲ್ಲಿ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಮುಷ್ಕರ ನಡೆದಾಗ, ವಿರೋಧ ಪಕ್ಷದ ನಾಯಕ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರಿಗೆ ರೇಡಿಯೋದಲ್ಲಿ ಮಾತನಾಡುವ ಅವಕಾಶ ಸಿಗಲಿಲ್ಲ. ಸರ್ಕಾರಕ್ಕೆ ಅದು ಇಷ್ಟವಿರಲಿಲ್ಲ. ಲೈಸೆನ್ಸ್ ಹಣ ಕೊಟ್ಟ ಕೇಳುಗರಲ್ಲಿ ಮುಷ್ಕರ ಹೂಡಿದ ಕಾರ್ಮಿಕರ ಪರವಾದವರೂ ಇದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಎರಡು ಕೇಂದ್ರಗಳು, ಎಂಟು ಸಾವಿರಕ್ಕೂ ಕಡಿಮೆ ಲೈಸೆನ್ಸ್

ಬ್ರಿಟನ್ನಿನ ಈ ಮಾದರಿಯನ್ನೇ ಭಾರತದಲ್ಲಿ ನೆಟ್ಟಾಗ ಏನಾಯಿತು? 1927ರ ಜುಲೈ 23ರಂದು ವೈಸರಾಯ್ ಲಾರ್ಡ್ ಇರ್ವಿನ್ ಮುಂಬಯಿ ಕೇಂದ್ರವನ್ನು ಉದ್ಘಾಟಿಸಿದರು. ಆಗಸ್ಟ್ 26ರಂದು ಕಲ್ಕತ್ತಾ ಕೇಂದ್ರ ಆರಂಭವಾಯಿತು. ಎರಡನ್ನೂ ನಡೆಸಿದ್ದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಖಾಸಗಿ ಸಂಸ್ಥೆ. ಲೈಸೆನ್ಸ್ ಶುಲ್ಕ ವರ್ಷಕ್ಕೆ 10 ರೂಪಾಯಿ. ಅದರಲ್ಲಿ ಶೇಕಡಾ 80, ಅಂದರೆ 8 ರೂಪಾಯಿ, ಕಂಪನಿಗೆ ಸಲ್ಲುತ್ತಿತ್ತು.

1927ರ ಕೊನೆಗೆ ಇದ್ದ ಲೈಸೆನ್ಸುಗಳು ಸುಮಾರು 3,600. ಎರಡು ವರ್ಷಗಳ ಬಳಿಕವೂ ಸಂಖ್ಯೆ 8,000ವನ್ನು ಮುಟ್ಟಲಿಲ್ಲ. ಮುಟ್ಟಿತ್ತೆಂದೇ ಇಟ್ಟುಕೊಂಡು ಲೆಕ್ಕ ಹಾಕಿದರೂ, ಕಂಪನಿಯ ಪಾಲಿಗೆ ವರ್ಷಕ್ಕೆ 64,000 ರೂಪಾಯಿ, ತಿಂಗಳಿಗೆ 5,300 ರೂಪಾಯಿಗಳಷ್ಟೇ ಬರುತ್ತಿತ್ತು. ಇಷ್ಟರಲ್ಲಿ ಎರಡು ಮಹಾನಗರಗಳ ಕೇಂದ್ರಗಳು, ಯಂತ್ರಗಳು, ಗಾಯಕರು, ವಾದ್ಯಗಾರರು, ಸಿಬ್ಬಂದಿ ಎಲ್ಲವೂ ನಡೆಯಬೇಕು! ಆಮದಾದ ರೇಡಿಯೋಗಳ ಮೇಲೂ ಕಂಪನಿಗೆ ಸ್ವಲ್ಪ ಪಾಲು ಸಿಗುತ್ತಿತ್ತಾದರೂ ಅದು ಸಾಲಲಿಲ್ಲ. 1930ರ ಮಾರ್ಚ್ 1ರಂದು ಕಂಪನಿ ಮುಚ್ಚಿಹೋಯಿತು.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಕೇಳುಗರು ಕಡಿಮೆಯಾದ್ದರಿಂದ ಹಣವಿಲ್ಲ. ಹಣವಿಲ್ಲದ್ದರಿಂದ ಪ್ರಸಾರ ಊರಾಚೆಗೆ ಮುಟ್ಟಲಿಲ್ಲ. ಮುಟ್ಟದ್ದರಿಂದ ಹೊಸ ಕೇಳುಗರು ಹುಟ್ಟಲಿಲ್ಲ. ಬಾವಿ ತೋಡುವ ಮೊದಲೇ ನೀರಿನ ತೆರಿಗೆ ಕೇಳಿದಂತಾಯಿತು.

1930ರ ಏಪ್ರಿಲ್‌ನಲ್ಲಿ ಸರ್ಕಾರವೇ ಪ್ರಸಾರವನ್ನು ವಹಿಸಿಕೊಂಡಿತು. ನಷ್ಟವಾಗುತ್ತಿದೆಯೆಂದು 1931ರ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲು ತೀರ್ಮಾನಿಸಿ, ಸಾರ್ವಜನಿಕರ ವಿರೋಧ ಬಂದ ಮೇಲೆ ನವೆಂಬರ್‌ನಲ್ಲಿ ತೀರ್ಮಾನವನ್ನು ಹಿಂದೆಗೆದುಕೊಂಡಿತು. ಕದ್ದು ಕೇಳುವವರನ್ನು ತಡೆಯಲು 1933ರಲ್ಲಿ ಇಂಡಿಯನ್ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆ ಬಂದಿತು. 1934ರ ಜನವರಿ 1ರಿಂದ ಲೈಸೆನ್ಸಿಲ್ಲದೆ ರೇಡಿಯೋ ಹೊಂದಿರುವುದೇ ಅಪರಾಧವಾಯಿತು. 1936ರ ಜೂನ್‌ನಲ್ಲಿ ಈ ಸರ್ಕಾರಿ ಸೇವೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾಯಿತು.

ಮೈಸೂರಿನ ಪ್ರಯೋಗ

ಇದೇ ಕಾಲದಲ್ಲಿ ಮೈಸೂರಿನಲ್ಲಿ ಬೇರೊಂದು ರೀತಿಯ ಪ್ರಯೋಗ ನಡೆಯಿತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ 30 ವ್ಯಾಟ್ ಶಕ್ತಿಯ ಸಣ್ಣ ಪ್ರೇಷಕವೊಂದರಿಂದ ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ಆಧಾರವಾಗಿದ್ದದ್ದು ಅವರ ಸ್ವಂತ ಹಣ ಮತ್ತು ಹಿತೈಷಿಗಳ ನೆರವು. ಇಂದು ಇಡೀ ದೇಶ ಬಳಸುತ್ತಿರುವ ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ಕೇಂದ್ರದ್ದು.

ಅದು ಹೆಮ್ಮೆಯ ಸಂಗತಿ ನಿಜ. ಆದರೆ ಅದರಲ್ಲಿ ಪಾಠವೂ ಒಂದುಂಟು. ಒಬ್ಬರ ಔದಾರ್ಯದಿಂದ ಕೇಂದ್ರವೊಂದನ್ನು ಹುಟ್ಟಿಸಬಹುದು, ಅದನ್ನು ತಲೆಮಾರುಗಳ ಕಾಲ ನಡೆಸುವುದು ಕಷ್ಟ. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಖಾಸಗಿ ಔದಾರ್ಯ ಮುಗಿದಲ್ಲಿ ಸಾರ್ವಜನಿಕ ಬೊಕ್ಕಸ ಕೈಹಿಡಿಯಬೇಕಾಯಿತು.

ಹಣ ಕಟ್ಟಿದವರಿಗೆ ಸಿಕ್ಕಿದ್ದೇನು?

ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಇದ್ದದ್ದು ಆರು ಆಕಾಶವಾಣಿ ಕೇಂದ್ರಗಳು. ಮುಂದಿನ ದಶಕಗಳಲ್ಲಿ ಕೇಂದ್ರಗಳು ಹೆಚ್ಚಿದವು, ಟ್ರಾನ್ಸಿಸ್ಟರ್ ಬಂದು ರೇಡಿಯೋ ಹೊಲಗದ್ದೆಗೂ ಹೋಯಿತು. 1970ರ ದಶಕದಲ್ಲಿ ಲೈಸೆನ್ಸುಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿತ್ತು. ಆದರೂ ಇಷ್ಟು ಜನ ಕಟ್ಟಿದ ಹಣಕ್ಕೂ ಆಕಾಶವಾಣಿಗೂ ನೇರವಾದ ಸಂಬಂಧವಿರಲಿಲ್ಲ. ಆಕಾಶವಾಣಿ ಸರ್ಕಾರದ ಒಂದು ಇಲಾಖೆ. ನಮ್ಮ ಸಂವಿಧಾನದ 266ನೆಯ ವಿಧಿಯ ಪ್ರಕಾರ ಸರ್ಕಾರಕ್ಕೆ ಬರುವ ಆದಾಯವೆಲ್ಲ ಸಂಚಿತ ನಿಧಿಗೆ ಸೇರುತ್ತದೆ. ಅದರಿಂದ ಪ್ರಸಾರಕ್ಕೆ ಎಷ್ಟು ಕೊಡಬೇಕೆಂಬುದು ಬಜೆಟ್ಟಿನಲ್ಲಿ ತೀರ್ಮಾನವಾಗುತ್ತಿತ್ತು. ಹೆಸರಿಗೆ ಕೇಳುಗರ ಶುಲ್ಕವಾದರೂ ನಿಜದಲ್ಲಿ ಅದು ಇನ್ನೊಂದು ತೆರಿಗೆ.

ಇದರ ಪರಿಣಾಮ 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಸ್ಪಷ್ಟವಾಯಿತು. ಆಗಲೂ ಜನ ತಪ್ಪದೆ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದರು. ಆದರೆ ರೇಡಿಯೋದಲ್ಲಿ ಕೇಳಿಸುತ್ತಿದ್ದುದು ಸರ್ಕಾರದ ಧ್ವನಿ ಮಾತ್ರ. ಮುಂದೆ ಬಂದ ಸರ್ಕಾರ ಬಿ.ಜಿ. ವರ್ಗೀಸ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. 1978ರಲ್ಲಿ ವರದಿ ಕೊಟ್ಟ ಸಮಿತಿ ಪ್ರಸಾರಕ್ಕೆ ಸ್ವಾಯತ್ತತೆ ಬೇಕೆಂದು ಹೇಳಿತು. ಶುಲ್ಕ ಕಟ್ಟಿದ ಮಾತ್ರಕ್ಕೆ ಪ್ರಸಾರ ಜನರದ್ದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

‘ಉಚಿತ’ ಎಂಬ ಮಾತಿನ ಅರ್ಥ

1967ರಲ್ಲಿ ವಿವಿಧ ಭಾರತಿಯಲ್ಲೂ 1976ರಲ್ಲಿ ದೂರದರ್ಶನದಲ್ಲೂ ಜಾಹೀರಾತು ಆರಂಭವಾಯಿತು. ಅತ್ತ ಜೇಬಿನಲ್ಲಿ ಹಿಡಿಯುವಷ್ಟು ಸಣ್ಣ ರೇಡಿಯೋಗಳಿಗೆ ಲೈಸೆನ್ಸ್ ಇದೆಯೇ ಎಂದು ಮನೆಮನೆ ತಪಾಸಣೆ ಮಾಡುವುದೂ ಕಷ್ಟವಾಯಿತು. 1980ರ ದಶಕದಲ್ಲಿ ಮೊದಲು ಒಂದು-ಎರಡು ಬ್ಯಾಂಡಿನ ರೇಡಿಯೋಗಳಿಗೆ, ಅನಂತರ ಉಳಿದ ರೇಡಿಯೋಗಳಿಗೂ ಟಿ.ವಿ.ಗೂ ಲೈಸೆನ್ಸ್ ರದ್ದಾಯಿತು. ಜನ ಸಹಜವಾಗಿಯೇ ಸಂತೋಷಪಟ್ಟರು.

ಹಾಗಾದರೆ ಅಂದಿನಿಂದ ಪ್ರಸಾರ ಉಚಿತವಾಯಿತೇ? ಇಲ್ಲ. ಸೋಪಿನ ಜಾಹೀರಾತಿಗೆ ಕಂಪನಿ ಕೊಡುವ ಹಣ ಸೋಪಿನ ಬೆಲೆಯಲ್ಲೇ ಸೇರಿರುತ್ತದೆ. ಟಿ.ವಿ. ಇಲ್ಲದ ಮನೆಯವರೂ ಆ ಬೆಲೆಯನ್ನೇ ತೆರುತ್ತಾರೆ. ಸರ್ಕಾರ ಕೊಡುವ ಅನುದಾನವಂತೂ ತೆರಿಗೆಯ ಹಣ. ಅಂದರೆ ಲೈಸೆನ್ಸ್, ತೆರಿಗೆ, ಜಾಹೀರಾತು ಯಾವ ದಾರಿಯಲ್ಲಿ ಹೋದರೂ ಕೊನೆಗೆ ಕೊಡುವುದು ಮನೆಯೇ. ಬದಲಾಗುವುದು ಎರಡೇ ಸಂಗತಿ: ಯಾವ ಮನೆ ಎಷ್ಟು ಕೊಡುತ್ತದೆ ಎಂಬುದು, ಮತ್ತು ಪ್ರಸಾರ ಸಂಸ್ಥೆ ಯಾರ ಮುಖ ನೋಡಿ ನಡೆಯುತ್ತದೆ ಎಂಬುದು.

ಜಾಹೀರಾತನ್ನೇ ನಂಬಿದ ಸಂಸ್ಥೆ ಕೊಳ್ಳುವ ಶಕ್ತಿಯುಳ್ಳವರ ಕಡೆ ನೋಡುತ್ತದೆ. ಮಂಗಳೂರು ಆಕಾಶವಾಣಿಯ ತುಳು ಕಾರ್ಯಕ್ರಮವನ್ನಾಗಲಿ, ಮಡಿಕೇರಿಯ ಕೊಡವ ಕಾರ್ಯಕ್ರಮವನ್ನಾಗಲಿ ಲಾಭದ ತಕ್ಕಡಿಯಲ್ಲಿ ತೂಗಿದರೆ ಉಳಿಯುವುದು ಕಷ್ಟ. ಇನ್ನು ಪ್ರತಿ ಮನೆಗೂ ಒಂದೇ ಮೊತ್ತದ ಶುಲ್ಕವೆಂದರೆ ಬಡವರಿಗೆ ಅದೇ ಭಾರ. 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಎಂಬ ಉಪಗ್ರಹ ಪ್ರಯೋಗ ನಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿತು. ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಊರಿಗೊಂದು ಸಮುದಾಯ ಟಿ.ವಿ. ಇಟ್ಟು ಎಲ್ಲರೂ ನೋಡುವ ಏರ್ಪಾಡು ಅದು. ಮನೆಮನೆಗೆ ಶುಲ್ಕ ಕೇಳಿದ್ದರೆ ಆ ಹಳ್ಳಿಗಳಲ್ಲಿ ಎಷ್ಟು ಮಂದಿ ಅದನ್ನು ನೋಡಲು ಸಾಧ್ಯವಾಗುತ್ತಿತ್ತು?

ಇತರ ದೇಶಗಳ ದಾರಿ

ಬ್ರಿಟನ್ ಲೈಸೆನ್ಸನ್ನು ಇನ್ನೂ ಬಿಟ್ಟಿಲ್ಲ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ವಾರ್ಷಿಕ ಶುಲ್ಕ 174.50 ಪೌಂಡ್ ಆಯಿತು. ಫ್ರಾನ್ಸ್ 2022ರಲ್ಲಿ ತನ್ನ ಶುಲ್ಕವನ್ನು ರದ್ದುಮಾಡಿತು. ಫಿನ್‌ಲೆಂಡ್ 2013ರಲ್ಲಿ, ಸ್ವೀಡನ್ 2019ರಲ್ಲಿ ಟಿ.ವಿ. ಶುಲ್ಕವನ್ನು ತೆಗೆದು, ಆದಾಯಕ್ಕೆ ತಕ್ಕಂತೆ ತೆರುವ ಪ್ರತ್ಯೇಕ ಪ್ರಸಾರ ತೆರಿಗೆಯನ್ನು ತಂದವು.

ಜರ್ಮನಿಯಲ್ಲಿ 2013ರಿಂದ ಟಿ.ವಿ. ಇರಲಿ ಬಿಡಲಿ, ಪ್ರತಿ ಮನೆಯೂ ಹಣ ಕೊಡಬೇಕು. ಆದರೆ ಸರ್ಕಾರದ ನೆರವಿನಿಂದ ಬದುಕುವ ಬಡವರಿಗೆ ವಿನಾಯಿತಿಯುಂಟು. ಎಷ್ಟು ಹಣ ಬೇಕೆಂಬುದನ್ನು ಮೊದಲು ಒಂದು ಸ್ವತಂತ್ರ ತಜ್ಞ ಸಮಿತಿ ಲೆಕ್ಕ ಹಾಕುತ್ತದೆ. ಒಂದು ರಾಜ್ಯ ಏರಿಕೆಗೆ ಅಡ್ಡಿ ಮಾಡಿದಾಗ 2021ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೇ ಮಧ್ಯೆ ಬಂದು ಏರಿಕೆಯನ್ನು ಜಾರಿಗೊಳಿಸಿತು. ಹಣದ ಕೀಲಿಕೈ ರಾಜಕಾರಣಿಗಳ ಕೈಯಲ್ಲಿ ಮಾತ್ರ ಇರಬಾರದು ಎಂಬುದು ಇದರ ತಿರುಳು.

ನಮ್ಮ ಮುಂದಿರುವ ಮಾತು

ನಮ್ಮ ದೇಶದಲ್ಲಿ 1990ರಲ್ಲಿ ಪ್ರಸಾರ ಭಾರತಿ ಕಾಯಿದೆ ಅಂಗೀಕಾರವಾಗಿ, 1997ರಲ್ಲಿ ಜಾರಿಗೆ ಬಂದಿತು. ಸರ್ಕಾರ ನಿಗಮಕ್ಕೆ ಕೊಡಬೇಕಾದ ಹಣವನ್ನು ಹೇಳುವಲ್ಲಿ ಈ ಕಾಯಿದೆ ಲೈಸೆನ್ಸ್ ಶುಲ್ಕದ ಉತ್ಪನ್ನವನ್ನೂ ಹೆಸರಿಸುತ್ತದೆ, ಆದರೆ ‘ಇದ್ದಲ್ಲಿ’ ಎಂಬ ಮಾತಿನೊಂದಿಗೆ. ಕಾಯಿದೆ ಅಂಗೀಕಾರವಾಗುವ ಹೊತ್ತಿಗೆ ಶುಲ್ಕ ರದ್ದಾಗಿತ್ತು. ಹೀಗಾಗಿ ನಿಗಮಕ್ಕೆ ಉಳಿದ ಆಧಾರಗಳು ಸರ್ಕಾರದ ಅನುದಾನ ಮತ್ತು ಸ್ವಂತ ಗಳಿಕೆ. 1995ರಲ್ಲಿ ಸುಪ್ರೀಂ ಕೋರ್ಟು, ಪ್ರಸಾರದ ಅಲೆಗಳು ಸಾರ್ವಜನಿಕ ಆಸ್ತಿ ಎಂದು ತೀರ್ಪಿತ್ತಿತು. ಆಸ್ತಿ ಜನರದ್ದಾದರೆ ಅದರ ನಿರ್ವಹಣೆಯ ಲೆಕ್ಕವನ್ನು ಕೇಳುವ ಹಕ್ಕೂ ಜನರದ್ದೇ.

ಹಳೆಯ ಲೈಸೆನ್ಸನ್ನು ಮತ್ತೆ ತರಬೇಕಾಗಿಲ್ಲ. ಅದು ಬಡವರಿಗೂ ಶ್ರೀಮಂತರಿಗೂ ಒಂದೇ ಅಳತೆ ಹಿಡಿಯಿತು, ಕೇಳುಗರಿಗೆ ಯಾವ ಅಧಿಕಾರವನ್ನೂ ಕೊಡಲಿಲ್ಲ. ಮನೆಗಳು ಶಕ್ತಿಗೆ ತಕ್ಕಂತೆ ತೆರಿಗೆಯ ಮೂಲಕವೇ ಕೊಡಲಿ. ಆದರೆ ಆ ಮೊತ್ತವನ್ನು ಕೆಲವು ವರ್ಷಗಳಿಗೆ ಮೊದಲೇ ಕಾನೂನಿನಿಂದ ಗೊತ್ತುಮಾಡಬೇಕು. ಸುದ್ದಿ ಹಿಡಿಸದ ಸರ್ಕಾರ ಅದನ್ನು ಕಡಿತ ಮಾಡುವಂತಿರಬಾರದು. ಖರ್ಚಿನ ವಿವರ ಸಾಮಾನ್ಯರಿಗೂ ತಿಳಿಯುವಂತೆ ಪ್ರಕಟವಾಗಬೇಕು. ಅಂಚೆ ಕಚೇರಿಯಲ್ಲಿ 15 ರೂಪಾಯಿ ಕಟ್ಟುತ್ತಿದ್ದವರಿಗೆ ತಾವು ಪ್ರಸಾರಕ್ಕೆ ಹಣ ಕೊಡುತ್ತಿದ್ದೇವೆಂಬುದಾದರೂ ತಿಳಿದಿತ್ತು. ಇಂದು ನಾವು ಕೊಡುತ್ತಿದ್ದೇವೆಂಬುದೇ ನಮಗೆ ನೆನಪಿಲ್ಲ. ಕೊಟ್ಟದ್ದು ನೆನಪಿದ್ದರೆ ತಾನೆ ಲೆಕ್ಕ ಕೇಳುವುದು?

ಚರ್ಚೆಗೆ ಪ್ರಶ್ನೆಗಳು

1. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮೂರೇ ವರ್ಷಗಳೊಳಗೆ ಮುಚ್ಚಲು ಕಾರಣಗಳೇನು?
2. ಲೈಸೆನ್ಸ್ ಶುಲ್ಕ, ತೆರಿಗೆ, ಜಾಹೀರಾತು – ಈ ಮೂರರಲ್ಲಿ ಬಡ ಕುಟುಂಬಕ್ಕೆ ಯಾವುದು ಹೆಚ್ಚು ಹೊರೆ? ಏಕೆ?
3. ನಿಮ್ಮ ಊರಿನ ಹಿರಿಯರಲ್ಲಿ ಯಾರಾದರೂ ರೇಡಿಯೋ ಲೈಸೆನ್ಸ್ ಪಡೆದಿದ್ದರೇ? ಕೇಳಿ ತಿಳಿದು ಒಂದು ಪುಟದ ಟಿಪ್ಪಣಿ ಬರೆಯಿರಿ.