ಕುಟುಂಬದ ಕಾಗದಪತ್ರಗಳಲ್ಲಿ ಗರ್ಟ್ರೂಡ್ ಬೆಲ್

ಮನೆತನದ ದಾಖಲೆಗಳನ್ನು ಆಧರಿಸಿ ವ್ಯಕ್ತಿಯೊಬ್ಬರ ಜೀವನಚರಿತ್ರೆಯನ್ನು ಬರೆಯಹೊರಟವರು ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಕಾಗದವನ್ನು ಯಾರಿಗಾಗಿ ಬರೆಯಲಾಯಿತು? ಈ ಪ್ರಶ್ನೆಯ ಮಹತ್ವವನ್ನು ಗರ್ಟ್ರೂಡ್ ಬೆಲ್ಲಳ (1868–1926) ಪತ್ರಸಂಗ್ರಹದಷ್ಟು ಸ್ಪಷ್ಟವಾಗಿ ತೋರುವ ಸಂಗ್ರಹಗಳು ವಿರಳ. ಇರಾಕ್ ರಾಜ್ಯದ ಸ್ಥಾಪನೆಯಲ್ಲಿ ಈಕೆ ವಹಿಸಿದ ಪಾತ್ರ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದೇ ಆದುದರಿಂದ 1921ರ ಕೈರೋ ಸಮ್ಮೇಳನವೇ ಮೊದಲಾದುವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆಕೆಯ ಬಾಳನ್ನು ಅರಿಯಲು ಮನೆಯ ಕಾಗದಗಳು ಎಷ್ಟರಮಟ್ಟಿಗೆ ಸಾಧನವಾಗುತ್ತವೆಂಬುದನ್ನಷ್ಟೇ ನಾವು ಪರಿಶೀಲಿಸುತ್ತೇವೆ.

ಬೆಲ್ ಮನೆತನದವರು ಉತ್ತರ ಇಂಗ್ಲೆಂಡಿನ ಕಬ್ಬಿಣದ ಉದ್ಯಮಿಗಳು. ಗರ್ಟ್ರೂಡಳಿಗೆ ಮೂರು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು; ತಂದೆ ಹ್ಯೂ ಬೆಲ್ 1876ರಲ್ಲಿ ಫ್ಲಾರೆನ್ಸ್ ಆಲಿಫ್ ಎಂಬಾಕೆಯನ್ನು ವಿವಾಹವಾದನು. ಬಹುಮಟ್ಟಿಗೆ ಈ ತಂದೆಗೂ ಮಲತಾಯಿಗೂ ಬರೆದ ಸುಮಾರು 1,600 ಪತ್ರಗಳು, ದಿನಚರಿಗಳು ಮತ್ತು ಸಹಸ್ರಾರು ಛಾಯಾಚಿತ್ರಗಳು ಇಂದು ನ್ಯೂಕಾಸಲ್ ವಿಶ್ವವಿದ್ಯಾನಿಲಯದಲ್ಲಿವೆ. ಯುನೆಸ್ಕೋ ಸಂಸ್ಥೆಯು 2017ರಲ್ಲಿ ಈ ಸಂಗ್ರಹಕ್ಕೆ ವಿಶ್ವಮನ್ನಣೆ ನೀಡಿತು.

1913ರ ಡಿಸೆಂಬರಿನಲ್ಲಿ ಆಕೆ ದಮಾಸ್ಕಸ್ಸಿನಿಂದ ಒಂಟೆಗಳ ತಂಡದೊಡನೆ ಮಧ್ಯ ಅರೇಬಿಯದ ಹಾಯಿಲ್ ನಗರಕ್ಕೆ ಹೊರಟಳು. ಈ ಒಂದು ಪ್ರಯಾಣಕ್ಕೆ ಮೂರು ಬಗೆಯ ಲಿಖಿತ ಸಾಕ್ಷ್ಯಗಳಿವೆ. ಮನೆಯವರಿಗೆ ಬರೆದ ಪತ್ರಗಳು ಮೊದಲನೆಯವು. ದಿನದಿನದ ಸಂಗತಿಗಳನ್ನು ಚುಟುಕಾಗಿ ಗುರುತುಹಾಕಿಕೊಂಡ ದಿನಚರಿ ಎರಡನೆಯದು. ಮೂರನೆಯದು, ಆಕೆ ಪ್ರೀತಿಸುತ್ತಿದ್ದ ವಿವಾಹಿತ ಸೇನಾಧಿಕಾರಿ ಚಾರ್ಲ್ಸ್ ಡೌಟಿ-ವೈಲಿಗಾಗಿಯೇ ಬಿಡುವಾದಾಗ ವಿಸ್ತರಿಸಿ ಬರೆದ ಬೇರೊಂದು ದಿನಚರಿ. ಇಷ್ಟೆಲ್ಲ ಶ್ರಮಕ್ಕೆ ದೊರೆತ ಫಲವೇನೆಂಬ ಸಂದೇಹ, ದಣಿವು, ನಿರಾಶೆಗಳು ಈ ಮೂರನೆಯದರಲ್ಲಿ ಬಿಚ್ಚಿಕೊಳ್ಳುತ್ತವೆ. ಹಾಯಿಲ್‌ನಲ್ಲಿ ಅಮೀರನು ಊರಲ್ಲಿರಲಿಲ್ಲ. ಆಕೆಯನ್ನು ಹಲವು ದಿನ ಹೊರಗೆ ಬಿಡದೆ ಇರಿಸಿಕೊಂಡರು. ಅಲ್ಲಿ ಕುಳಿತು ಬರೆಯುವಾಗಲೂ ಆಕೆಯ ಮನಸ್ಸಿನಲ್ಲಿ ಓದುಗನೊಬ್ಬನಿದ್ದನೆಂಬುದನ್ನು ನಾವು ಮರೆಯಲಾಗದು. ಅಂತರಂಗದ ಬರಹವೆಂದ ಮಾತ್ರಕ್ಕೆ ಅದು ನಿರ್ಲಿಪ್ತವಾದ ಸಾಕ್ಷ್ಯವಾಗದು. ಪ್ರಿಯನಿಗೆ ಬರೆಯುವಾಕೆಯೂ ತನ್ನ ಚಿತ್ರವನ್ನು ತಾನೇ ರೂಪಿಸುತ್ತಾಳೆ. ಡೌಟಿ-ವೈಲಿ 1915ರ ಏಪ್ರಿಲ್ 26ರಂದು ಗಲಿಪೊಲಿಯ ಯುದ್ಧದಲ್ಲಿ ಮಡಿದನು.

ಫ್ಲಾರೆನ್ಸಳು ಮಗಳ ಪತ್ರಗಳನ್ನು 1927ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದಾಗ ಈ ಪ್ರೇಮಪ್ರಸಂಗಕ್ಕೆ ಅಲ್ಲಿ ಎಡೆ ದೊರೆಯಲಿಲ್ಲ. ಇದಕ್ಕಾಗಿ ಆಕೆಯನ್ನು ಆಕ್ಷೇಪಿಸುವ ವಿಮರ್ಶಕರೊಡನೆ ನಾವು ಪೂರ್ಣವಾಗಿ ಸಮ್ಮತಿಸಲಾರೆವು. ಮಗಳು ಸತ್ತು ವರ್ಷ ಕಳೆಯುತ್ತಿದ್ದಂತೆ, ಡೌಟಿ-ವೈಲಿಯ ವಿಧವೆ ಇನ್ನೂ ಬದುಕಿರುವಾಗ, ಮಲತಾಯಿಯೊಬ್ಬಳು ಬೇರೇನು ಮಾಡಬಹುದಿತ್ತು? ಪ್ರಕಟಣೆಯಲ್ಲಿ ಕೈಬಿಟ್ಟರೂ ಆ ಕಾಗದಗಳು ನಾಶವಾಗದೆ ಉಳಿದುವೆಂಬುದೇ ನಮಗೆ ಮುಖ್ಯ. ಅವು ಇಲ್ಲದಿದ್ದಲ್ಲಿ ಅಳುಕಿಲ್ಲದ, ಸದಾ ಉತ್ಸಾಹಿಯಾದ ಸಾಹಸಿಯೊಬ್ಬಳಷ್ಟೇ ನಮ್ಮ ಪಾಲಿಗೆ ಉಳಿಯುತ್ತಿದ್ದಳು.

ಮನೆಯವರಿಗೆ ಹೇಳುವ ಅಗತ್ಯವೇ ಇಲ್ಲದ ಸಂಗತಿಗಳು ಪತ್ರಗಳಲ್ಲಿ ವಿವರವಾಗಿ ಬರುವುದಿಲ್ಲ. ಈ ಪ್ರಯಾಣಗಳ ವೆಚ್ಚವನ್ನು ಹೊತ್ತ ಕಬ್ಬಿಣದ ಉದ್ಯಮ ಅಂತಹುದೊಂದು. ಕಾರ್ಮಿಕರ ಬಾಳನ್ನು ತಿಳಿಯಬಯಸುವವರು ಮಿಡಲ್ಸ್‌ಬರೋ ಪಟ್ಟಣವನ್ನು ಕುರಿತು 1907ರಲ್ಲಿ ಫ್ಲಾರೆನ್ಸಳೇ ಬರೆದ ಗ್ರಂಥವನ್ನು ನೋಡಬೇಕು. ಹಲವು ಯಾತ್ರೆಗಳಲ್ಲಿ ಆಕೆಯನ್ನು ಕಾಪಾಡಿದ ಅಲೆಪ್ಪೋದ ಸೇವಕ ಫತ್ತೂಹನಾದರೋ ಒಡತಿಯ ಮೆಚ್ಚುಗೆಯ ಮಾತುಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಮಹಿಳೆಯರಿಗೆ ಮತಾಧಿಕಾರ ಸಲ್ಲದೆಂಬ ಸಂಘದಲ್ಲಿ ಗರ್ಟ್ರೂಡಳು 1908ರಿಂದ ದುಡಿದುದನ್ನೂ ಈ ಮನೆತನದ ಹಿನ್ನೆಲೆಯಲ್ಲೇ ನೋಡಬೇಕಾಗುತ್ತದೆ. ಆ ವಿಚಾರದಲ್ಲಿ ಮಲತಾಯಿಯದೂ ಅದೇ ನಿಲುವು.

1903ರ ದೆಹಲಿ ದರ್ಬಾರಿಗೆ ಆಕೆಯೊಡನೆ ಬಂದಿದ್ದ ಮಲತಮ್ಮ ಹ್ಯೂಗೋ 1926ರ ಫೆಬ್ರವರಿಯಲ್ಲಿ ನಿಧನನಾದನು. ಆ ವೇಳೆಗೆ ಮನೆತನದ ಸಂಪತ್ತೂ ಕರಗಿತ್ತು. ಬಾಗ್ದಾದಿನಿಂದ ಆ ವರ್ಷ ಬಂದ ಪತ್ರಗಳಲ್ಲಿ ವಸ್ತುಸಂಗ್ರಹಾಲಯದ ಕೆಲಸದ ವರ್ಣನೆ ಮುಂದುವರಿಯುತ್ತದೆ. ಜುಲೈ 12ರಂದು ಆಕೆ ನಿದ್ರೆಯಲ್ಲೇ ಮೃತಳಾದಳು. ನಿದ್ರೆಗುಳಿಗೆಗಳು ಅಳತೆ ಮೀರಿದ್ದುವು. ಅದು ಉದ್ದೇಶಪೂರ್ವಕವೋ ಪ್ರಮಾದವೋ ಎಂಬ ವಿಷಯದಲ್ಲಿ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ತಂದೆತಾಯಿಗಳಿಗೆ ಬರೆದ ಕಾಗದಗಳಲ್ಲಿ ಅದಕ್ಕೆ ಉತ್ತರವನ್ನು ಅರಸುವುದು ಯುಕ್ತವೆಂದು ನಮಗೆ ತೋರುವುದಿಲ್ಲ.